ಶೆಡ್ಯೂಲರ್ ಬದಲಿಸುವ ಮುಂಚೆ ಲಾಕ್ ಯಾರ ಕೈಲಿದೆ ನೋಡಿ

ಫರ್ಮ್‌ವೇರ್ (ಸಾಧನದೊಳಗೇ ಕೂರುವ ಸಾಫ್ಟ್‌ವೇರ್) ಬರೆಯುವ ಓದುಗರ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: "ಶೆಡ್ಯೂಲರ್ ಸರಿಯಿಲ್ಲ, ಬೇರೆ ಯಾವುದಾದರೂ ಹೇಳಿ." ಯಾವ ಥ್ರೆಡ್ ಯಾವಾಗ ಓಡಬೇಕು ಎಂದು ತೀರ್ಮಾನಿಸುವುದು ಶೆಡ್ಯೂಲರ್. ಈ ಸಲ ಜಾಗದ ಬಹುಪಾಲು ಆ ದೂರಿಗೇ. ಥ್ರೆಡ್ ಎಂದರೇನು, ಕಾಂಟೆಕ್ಸ್ಟ್ ಸ್ವಿಚ್ ಎಂದರೇನು ಎಂದೆಲ್ಲ ಇಲ್ಲಿ ವಿವರಿಸುವುದಿಲ್ಲ. ಅಷ್ಟನ್ನು ಓದಿಕೊಂಡೇ ಬನ್ನಿ.

ಪ್ರಶ್ನೆ: ಕಾರ್ಟೆಕ್ಸ್ ಎಂ4 ಪ್ರೊಸೆಸರಿನ ಬೋರ್ಡಿನಲ್ಲಿ ಫ್ರೀಆರ್‌ಟಿಒಎಸ್ ಎಂಬ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್ ಬಳಸುತ್ತಿದ್ದೇವೆ. ಮೋಟರ್ ಥ್ರೆಡ್ 1 ಮಿಲಿಸೆಕೆಂಡಿಗೊಮ್ಮೆ ಎದ್ದು 0.2 ಮಿಲಿಸೆಕೆಂಡ್ ಓಡುತ್ತದೆ. ಕ್ಯಾನ್ (ಬೇರೆ ಬೋರ್ಡುಗಳೊಡನೆ ಸಂದೇಶ ವಿನಿಮಯದ ಜಾಲ) ಥ್ರೆಡ್ 5ಕ್ಕೊಮ್ಮೆ ಎದ್ದು 1, ಡಿಸ್‌ಪ್ಲೇ ಥ್ರೆಡ್ 20ಕ್ಕೊಮ್ಮೆ ಎದ್ದು 5 ಮಿಲಿಸೆಕೆಂಡ್ ಓಡುತ್ತವೆ. ಪ್ರಯಾರಿಟಿಯೂ ಇದೇ ಕ್ರಮದಲ್ಲಿದೆ, ಮೋಟರ್ ಎಲ್ಲಕ್ಕಿಂತ ಮೇಲೆ. ಸಿಪಿಯು ಲೋಡ್ ಶೇ 65 ಮಾತ್ರ. ಆದರೂ ಒಮ್ಮೊಮ್ಮೆ ಮೋಟರ್ ಥ್ರೆಡ್ಡಿನ ಗಡುವು ತಪ್ಪುತ್ತದೆ. ಮೋಟರ್ ಡ್ರೈವರ್ ಚಿಪ್ ಮತ್ತು ಡಿಸ್‌ಪ್ಲೇ ಒಂದೇ ಎಸ್‌ಪಿಐ ಬಸ್ಸಿನಲ್ಲಿವೆ (ಚಿಪ್‌ಗಳು ಹಂಚಿಕೊಳ್ಳುವ ತಂತಿಗಳ ಸಾಲು), ಅದಕ್ಕೆ ಬೈನರಿ ಸೆಮಾಫೋರ್ (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಬಿಡುವ ಲಾಕ್) ಹಾಕಿದ್ದೇವೆ. ಡಿಸ್‌ಪ್ಲೇ ಒಂದು ಸಲಕ್ಕೆ 0.3 ಮಿಲಿಸೆಕೆಂಡ್ ಬಸ್ ಹಿಡಿಯುತ್ತದೆ. ಶೆಡ್ಯೂಲರ್ ಕೋಡನ್ನೇ ತಿದ್ದಬೇಕೇ, ಝೆಫೈರ್ ಎಂಬ ಇನ್ನೊಂದು ಸಿಸ್ಟಮ್‌ಗೆ ಹೋಗಬೇಕೇ?

ಉತ್ತರ: ಎರಡೂ ಬೇಡ. ರೋಗ ಯಾವುದು ಎಂಬುದು ನಿಮ್ಮ ಪತ್ರದಲ್ಲೇ ಇದೆ: ಬೈನರಿ ಸೆಮಾಫೋರ್.

ಡಿಸ್‌ಪ್ಲೇ ಥ್ರೆಡ್ ಬಸ್ ಹಿಡಿದ ಮರುಕ್ಷಣವೇ ಮೋಟರ್ ಥ್ರೆಡ್ ಎದ್ದಿತು ಎಂದುಕೊಳ್ಳಿ. ಬಸ್ ಸಿಗದೆ ಅದು ಕಾಯಲು ಕೂರುತ್ತದೆ. ಡಿಸ್‌ಪ್ಲೇ 0.3 ಮಿಲಿಸೆಕೆಂಡಿನಲ್ಲಿ ಬಿಟ್ಟುಕೊಟ್ಟರೆ, ತನ್ನ 0.2 ಸೇರಿ 0.5ಕ್ಕೆ ಮೋಟರ್ ಕೆಲಸ ಮುಗಿಯುತ್ತದೆ, ಗಡುವಿನೊಳಗೇ. ಆದರೆ ಆ ನಡುವೆ ಕ್ಯಾನ್ ಥ್ರೆಡ್ ಎದ್ದರೆ? ಅದರ ಪ್ರಯಾರಿಟಿ ಡಿಸ್‌ಪ್ಲೇಗಿಂತ ಮೇಲೆ, ಬಸ್ಸಿನ ಗೊಡವೆಯೂ ಅದಕ್ಕಿಲ್ಲ. ಡಿಸ್‌ಪ್ಲೇಯನ್ನು ಬದಿಗೆ ತಳ್ಳಿ 1 ಮಿಲಿಸೆಕೆಂಡ್ ಓಡುತ್ತದೆ. ಅಷ್ಟು ಹೊತ್ತೂ ಲಾಕ್ ಡಿಸ್‌ಪ್ಲೇ ಕೈಯಲ್ಲೇ. 0.2, 0.3, 1 ಕೂಡಿಸಿ: 1.5 ಮಿಲಿಸೆಕೆಂಡ್. ಗಡುವು 1. ಎಲ್ಲರಿಗಿಂತ ಮೇಲಿನ ಥ್ರೆಡ್ಡು ತನಗೆ ಸಂಬಂಧವೇ ಇಲ್ಲದ ನಡುವಿನ ಥ್ರೆಡ್ಡಿಗೆ ಕಾದಿದೆ. ಇದೇ ಪ್ರಯಾರಿಟಿ ಇನ್ವರ್ಷನ್. ಶೆಡ್ಯೂಲರ್ ಇಲ್ಲಿ ತಪ್ಪನ್ನೇ ಮಾಡಿಲ್ಲ. ಓಡಲು ತಯಾರಿರುವವರಲ್ಲಿ ಮೇಲಿನವರನ್ನು ಓಡಿಸು ಎಂದಿರಿ, ಓಡಿಸಿತು.

1997ರ ಜುಲೈ 4ರಂದು ಮಂಗಳದ ಮೇಲೆ ಇಳಿದ ನಾಸಾದ ಪಾತ್‌ಫೈಂಡರ್ ನೌಕೆಗೂ ಆದದ್ದು ಇದೇ. ಹವಾಮಾನದ ಮಾಹಿತಿ ಕಲೆಹಾಕುವ ಕೆಳಗಿನ ಟಾಸ್ಕ್ (ಥ್ರೆಡ್ಡಿಗೇ ಇನ್ನೊಂದು ಹೆಸರು) ಒಂದು ಮ್ಯೂಟೆಕ್ಸ್ (ಇದೂ ಒಂದು ಬಗೆಯ ಲಾಕ್) ಹಿಡಿದಿತ್ತು. ಬಸ್ ನೋಡಿಕೊಳ್ಳುವ ಮೇಲಿನ ಟಾಸ್ಕ್ ಅದಕ್ಕೇ ಕಾಯುತ್ತಿತ್ತು. ಮಧ್ಯಮ ಪ್ರಯಾರಿಟಿಯ ಟಾಸ್ಕ್‌ಗಳು ನಡುವೆ ಓಡಿದವು. ಬಸ್ಸಿನ ಕೆಲಸ ಹೊತ್ತಿಗೆ ಮುಗಿಯಲಿಲ್ಲವೆಂದು ಕಂಡುಕೊಂಡ ಇನ್ನೊಂದು ಟಾಸ್ಕ್ ಇಡೀ ಕಂಪ್ಯೂಟರನ್ನೇ ರೀಸೆಟ್ ಮಾಡುತ್ತಿತ್ತು. ಅಲ್ಲಿನ ಎಂಜಿನಿಯರುಗಳು ನೌಕೆಯ ಆಪರೇಟಿಂಗ್ ಸಿಸ್ಟಮ್ ಆದ ವಿಎಕ್ಸ್‌ವರ್ಕ್ಸ್‌ನ ಕರ್ನಲ್ಲನ್ನು ಬದಲಿಸಲಿಲ್ಲ. ಭೂಮಿಯ ಮೇಲಿದ್ದ ಪ್ರತಿರೂಪದಲ್ಲಿ ಟ್ರೇಸ್ (ಏನೇನು ನಡೆಯಿತೆಂಬ ದಾಖಲೆ) ಹಾಕಿ ಅದೇ ರೀಸೆಟ್ ಮರುಕಳಿಸುವವರೆಗೆ ಓಡಿಸಿದರು. ಆ ಮ್ಯೂಟೆಕ್ಸ್‌ನಲ್ಲಿ ಆಫ್ ಆಗಿದ್ದ ಪ್ರಯಾರಿಟಿ ಇನ್‌ಹೆರಿಟೆನ್ಸ್ (ಕಾಯುವವರ ಪ್ರಯಾರಿಟಿಯನ್ನು ಲಾಕ್ ಹಿಡಿದವರಿಗೆ ಕೊಡುವ) ಆಯ್ಕೆಯನ್ನು ಆನ್ ಮಾಡುವ ತಿದ್ದುಪಡಿ ಕಳಿಸಿದರು. ರೀಸೆಟ್ ನಿಂತಿತು. ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಉಡಾವಣೆಗೆ ಮುಂಚಿನ ಪರೀಕ್ಷೆಗಳಲ್ಲೇ ಇಂಥ ರೀಸೆಟ್ ಅಪರೂಪಕ್ಕೆ ಕಂಡಿತ್ತು, ಕಾರಣ ಸಿಕ್ಕಿರಲಿಲ್ಲ. ನಿಮ್ಮ "ಒಮ್ಮೊಮ್ಮೆ"ಯನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ.

ಫ್ರೀಆರ್‌ಟಿಒಎಸ್‌ನಲ್ಲಿ ಬೈನರಿ ಸೆಮಾಫೋರ್‌ಗೆ ಇನ್‌ಹೆರಿಟೆನ್ಸ್ ಇಲ್ಲ, ಮ್ಯೂಟೆಕ್ಸ್‌ಗೆ ಇದೆ. ಬದಲಿಸಿ. ಆಗ ಮೋಟರ್ ಕಾಯುತ್ತಿರುವಷ್ಟು ಹೊತ್ತು ಡಿಸ್‌ಪ್ಲೇ ಥ್ರೆಡ್ಡಿಗೆ ಮೋಟರಿನ ಪ್ರಯಾರಿಟಿಯೇ ಬರುತ್ತದೆ, ಕ್ಯಾನ್ ನಡುವೆ ನುಗ್ಗಲಾರದು. ಒಂದು ಥ್ರೆಡ್ ಒಂದೇ ಹೊತ್ತಿಗೆ ಎರಡು ಮ್ಯೂಟೆಕ್ಸ್ ಹಿಡಿಯದಂತೆ ನೋಡಿಕೊಳ್ಳಿ. ಎರಡನ್ನೂ ಬಿಡುವವರೆಗೆ ಫ್ರೀಆರ್‌ಟಿಒಎಸ್ ಅದರ ಪ್ರಯಾರಿಟಿಯನ್ನು ಕೆಳಗಿಳಿಸುವುದಿಲ್ಲ.

ಮ್ಯೂಟೆಕ್ಸ್ ಹಾಕಿದೆವು, ಮುಗಿಯಿತು ಎಂದುಕೊಳ್ಳಬೇಡಿ. ನಾಳೆ ಯಾರೋ ಡಿಸ್‌ಪ್ಲೇ ಕೋಡ್ ತಿದ್ದಿ, ಲಾಕ್ ಹಿಡಿಯುವ ಹೊತ್ತು 0.9ಕ್ಕೆ ಹೋದರೆ, ಇನ್‌ಹೆರಿಟೆನ್ಸ್ ಇದ್ದರೂ ಮೋಟರಿಗೆ 1.1 ಬೇಕಾಗುತ್ತದೆ. ಆದ್ದರಿಂದ ಚಿತ್ರವನ್ನು ಸಣ್ಣ ಸಣ್ಣ ತುಂಡಾಗಿ ಕಳಿಸಿ, ಪ್ರತಿ ತುಂಡಿನ ನಂತರ ಲಾಕ್ ಬಿಡಿ. ಮುಂದಿನ ಬೋರ್ಡಿನಲ್ಲಿ ಮೋಟರಿಗೆ ಬೇರೆಯೇ ಎಸ್‌ಪಿಐ ಕೇಳಿ ಪಡೆಯಿರಿ. ಕೆಲವು ಪಿನ್ ಉಳಿಸಲು ಮೋಟರನ್ನೂ ಡಿಸ್‌ಪ್ಲೇಯನ್ನೂ ಒಂದೇ ಬಸ್ಸಿಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಆ ಶೇ 65. 1973ರಲ್ಲಿ ಸಂಶೋಧಕರಾದ ಲಿಯು ಮತ್ತು ಲೇಲ್ಯಾಂಡ್ ಕೊಟ್ಟ ಲೆಕ್ಕದಂತೆ ಮೂರು ಥ್ರೆಡ್‌ಗಳಿಗೆ ಸುಮಾರು ಶೇ 78ರವರೆಗೆ ಭಯವಿಲ್ಲ. ಆದರೆ ಅದು ಥ್ರೆಡ್‌ಗಳು ಒಂದಕ್ಕೊಂದು ಕಾಯುವುದಿಲ್ಲ ಎಂದುಕೊಂಡು ಮಾಡಿದ ಲೆಕ್ಕ. ಲಾಕ್ ಬಂದ ಕೂಡಲೇ ಕಾಯುವ ಹೊತ್ತನ್ನೂ ಸೇರಿಸಿ, ಒಂದೊಂದು ಥ್ರೆಡ್ಡಿಗೂ ಬೇರೆಯಾಗಿ ನೋಡಬೇಕು. ಲಾಕ್ ಎಷ್ಟು ಹೊತ್ತು ಹಿಡಿದಿರುತ್ತೀರಿ ಎಂಬುದನ್ನು ಅಂದಾಜಿನಲ್ಲಿ ಹೇಳಬೇಡಿ. ಲಾಕ್ ಸಿಕ್ಕಾಗ ಒಂದು ಪಿನ್ ಮೇಲೆತ್ತಿ, ಬಿಟ್ಟಾಗ ಇಳಿಸಿ, ಲಾಜಿಕ್ ಅನಲೈಸರ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅತಿ ಅಗಲದ ಪಲ್ಸ್ ಎಷ್ಟಿದೆ ನೋಡಿ. ಸರಾಸರಿ ಬೇಡ, ಅದು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಶೆಡ್ಯೂಲರ್ ಕೋಡ್ ತಿದ್ದಿ ವೇಗ ಗಳಿಸುವ ಆಸೆ ಬಿಡಿ. ಎಂ4 ಮೇಲೆ ಮುಂದಿನ ಪ್ರಯಾರಿಟಿ ಹುಡುಕಲು ಅದು ಒಂದು ಬಿಟ್‌ಮ್ಯಾಪ್ ಮತ್ತು ಸೊನ್ನೆ ಎಣಿಸುವ ಒಂದು ಇನ್‌ಸ್ಟ್ರಕ್ಷನ್ ಬಳಸುತ್ತದೆ. ಅಲ್ಲಿ ಉಳಿಸಲು ಮೈಕ್ರೋಸೆಕೆಂಡೂ ಇಲ್ಲ, ನೀವು ಕಳೆದುಕೊಳ್ಳುತ್ತಿರುವುದು ಮಿಲಿಸೆಕೆಂಡು. ಎಸ್‌ಪಿಐ ಮುಗಿಯುವವರೆಗೆ ಇಂಟರಪ್ಟ್‌ಗಳನ್ನೇ (ಹಾರ್ಡ್‌ವೇರ್ ಕೊಡುವ ತುರ್ತು ಕರೆಗಳನ್ನೇ) ಮುಚ್ಚಿಬಿಡಿ ಎಂದು ವಿಡಿಯೋಗಳಲ್ಲಿ ಹೇಳಿಕೊಡುವವರಿದ್ದಾರೆ. ಇದು ಮದ್ದಲ್ಲ, ವಿಷ. ಆ 0.3 ಮಿಲಿಸೆಕೆಂಡ್ ಇಡೀ ಬೋರ್ಡು ಕಿವುಡಾಗುತ್ತದೆ, ಕ್ಯಾನ್ ಸಂದೇಶ ಕಳೆದುಹೋದರೆ ಹೇಳುವವರೂ ಇರುವುದಿಲ್ಲ.

ಪ್ರಶ್ನೆ: ಇಂಟರಪ್ಟ್ ಬಂದರೂ ಥ್ರೆಡ್ ತಡವಾಗಿ ಏಳುತ್ತದೆ. ಶೆಡ್ಯೂಲರನ್ನು ಎಬ್ಬಿಸುವ ಗಡಿಯಾರದ ಟಿಕ್ ಅನ್ನು 1000 ಹರ್ಟ್ಸ್‌ನಿಂದ 10,000ಕ್ಕೆ ಏರಿಸಲೇ?

ಉತ್ತರ: ಬೇಡ. ಇಂಟರಪ್ಟ್ ರೂಟೀನಿನ ಕೊನೆಯಲ್ಲಿ ಯೀಲ್ಡ್ (ಈಗಲೇ ಥ್ರೆಡ್ ಬದಲಿಸು ಎಂಬ ಆದೇಶ) ಕರೆಯುವುದನ್ನು ಮರೆತಿದ್ದೀರಿ, ಹಾಗಾಗಿ ಥ್ರೆಡ್ ಮುಂದಿನ ಟಿಕ್‌ವರೆಗೆ ಕಾಯುತ್ತಿದೆ. ಟಿಕ್ ಏರಿಸಿದರೆ ತಪ್ಪು ಮುಚ್ಚಿಹೋಗುತ್ತದೆ ಅಷ್ಟೆ.

ಪ್ರಶ್ನೆ: ಎಲ್ಲ ಥ್ರೆಡ್‌ಗೂ ಒಂದೇ ಪ್ರಯಾರಿಟಿ ಕೊಟ್ಟರೆ ಜಗಳವೇ ಇರುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದರು.

ಉತ್ತರ: ಕಟ್ಟಿದ ಫೀಸು ವಾಪಸ್ ಕೇಳಿ. 1 ಮಿಲಿಸೆಕೆಂಡಿನ ಗಡುವಿರುವ ಥ್ರೆಡ್ಡನ್ನು ಡಿಸ್‌ಪ್ಲೇ ಜೊತೆ ಸರದಿಗೆ ನಿಲ್ಲಿಸುವುದು ನ್ಯಾಯವಲ್ಲ.

ಪ್ರಶ್ನೆ: ಪ್ರಯಾರಿಟಿ 0 ಎಂದರೆ ಮೇಲೋ ಕೆಳಗೋ?

ಉತ್ತರ: ಫ್ರೀಆರ್‌ಟಿಒಎಸ್ ಟಾಸ್ಕ್‌ಗಳಲ್ಲಿ ಅತಿ ಕೆಳಗೆ. ಝೆಫೈರ್‌ನಲ್ಲೂ ಕಾರ್ಟೆಕ್ಸ್ ಎಂ ಇಂಟರಪ್ಟ್‌ಗಳಲ್ಲೂ ಸಂಖ್ಯೆ ಚಿಕ್ಕದಾದಷ್ಟೂ ಮೇಲೆ. ಮ್ಯಾನ್ಯುಯಲ್ ತೆರೆದರೆ ಸಿಗುವ ಉತ್ತರ ಇದು.

ಪ್ರಶ್ನೆ: ನಮ್ಮದು ಇನ್‌ಫ್ಯೂಷನ್ ಪಂಪ್. ಗಡುವು ತಪ್ಪಿದರೆ ವಾಚ್‌ಡಾಗ್ (ಕೋಡ್ ಸಿಕ್ಕಿಬಿದ್ದರೆ ಬೋರ್ಡನ್ನು ಮರುಚಾಲೂ ಮಾಡುವ ಟೈಮರ್) ರೀಸೆಟ್ ಮಾಡುತ್ತದಲ್ಲ, ಸಾಲದೇ?

ಉತ್ತರ: ಸಾಲದು. ರೋಗಿಯ ರಕ್ತನಾಳಕ್ಕೆ ಔಷಧ ಹೋಗುತ್ತಿರುವಾಗ ಕಾರಣ ತಿಳಿಯದ ರೀಸೆಟ್ ಒಂದೂ ಆಗಕೂಡದು. ಯಾವ ಥ್ರೆಡ್ ತಡವಾಯಿತು, ಯಾವ ಲಾಕ್ ಯಾರ ಬಳಿಯಿತ್ತು ಎಂಬುದನ್ನು ರೀಸೆಟ್ ಆದರೂ ಅಳಿಯದ ಮೆಮೊರಿಯಲ್ಲಿ ಬರೆದಿಡಿ, ಕಾರಣ ಸಿಗುವವರೆಗೆ ಸಾಧನವನ್ನು ಆಸ್ಪತ್ರೆಗೆ ಕೊಡಬೇಡಿ. ಇದಕ್ಕಿಂತ ಹೆಚ್ಚಿನ ಸಲಹೆಯನ್ನು ಪತ್ರದ ಮೂಲಕ ಕೊಡಲಾರೆ. ಕೋಡ್ ಮತ್ತು ಬೋರ್ಡ್ ಎರಡನ್ನೂ ಎದುರಿಗಿಟ್ಟು ನೋಡುವವರನ್ನು ಕರೆಸಿ.