ಮೀನಖಂಡದ ನೋವಿಗೆ ಬಲೂನು ಯಾವಾಗ?

ಪತ್ರ: ನಮ್ಮ ತಂದೆಯವರಿಗೆ ತೋಟದಲ್ಲಿ ಸ್ವಲ್ಪ ದೂರ ನಡೆದರೆ ಎಡ ಮೀನಖಂಡ ಹಿಡಿದುಕೊಳ್ಳುತ್ತದೆ, ಎರಡು ನಿಮಿಷ ನಿಂತರೆ ಬಿಡುತ್ತದೆ. ತೊಡೆಯ ರಕ್ತನಾಳದಲ್ಲಿ ಬ್ಲಾಕ್ ಇದೆ, ಕೊಯ್ಯದೆ ಬಲೂನು ಹಾಕಿ ತೆರೆಯಬಹುದು ಎಂದು ಹಾಸನದ ವೈದ್ಯರು ಹೇಳಿದರು. ಇದು ಸಯಾಟಿಕಾ, ಎಣ್ಣೆ ತಿಕ್ಕಿಸಿ ಅನ್ನುತ್ತಾರೆ ನೆರೆಯವರು. ಏನು ಮಾಡೋಣ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸುಮ್ಮನೆ ನಿಂತರೆ ನೋವು ಬಿಡುತ್ತದೆ ಎಂದಿದ್ದೀರಲ್ಲ, ಅದು ರಕ್ತನಾಳದ ಕಡೆಗೇ ಕೈ ತೋರಿಸುತ್ತದೆ. ಸಯಾಟಿಕಾ, ಅಂದರೆ ಬೆನ್ನಿನಲ್ಲಿ ನರ ಒತ್ತಿಕೊಂಡು ಬರುವ ನೋವಾದರೆ ಸಾಮಾನ್ಯವಾಗಿ ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಎಣ್ಣೆ ತಿಕ್ಕಿದರೆ ಬ್ಲಾಕ್ ಕರಗುವುದಿಲ್ಲ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ಹಳೆಯ ಸಕ್ಕರೆ ಕಾಯಿಲೆಯಿದ್ದರೆ ನಾಳ ಗಡುಸಾಗಿ ಲೆಕ್ಕ ತಪ್ಪಬಹುದು. ಹಾಗಾಗಿ ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಕೂಡ ಮಾಡಿಸಿ.

ಬಲೂನು ಹೊಸ ಪ್ರಯೋಗವೇನಲ್ಲ. ಹೃದಯಕ್ಕಿಂತ ಮೊದಲು ಈ ವಿದ್ಯೆ ಬಂದದ್ದು ಕಾಲಿಗೇ! 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು, ಕಾಲು ತೆಗೆಯಬೇಕೆಂದಿದ್ದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ನಾಳವನ್ನು ಕೊಳವೆ ತೂರಿಸಿ ಹಿಗ್ಗಿಸಿದರು, ಕಾಲು ಉಳಿಯಿತು. ಹೃದಯದ ಸರದಿ ಬಂದದ್ದು 1977ರಲ್ಲಿ. ಈಗ ತೊಡೆಸಂದಿಯನ್ನು ಮರಗಟ್ಟಿಸಿ, ಸೂಜಿ ಚುಚ್ಚಿ, ತೆಳು ತಂತಿಯನ್ನು ಬ್ಲಾಕ್ ದಾಟಿಸಿ, ಅದರ ಮೇಲೆ ಬಲೂನು ಸಾಗಿಸಿ ಉಬ್ಬಿಸುತ್ತಾರೆ. ಬೇಕೆನಿಸಿದರೆ ನಾಳವನ್ನು ತೆರೆದಿಡುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಇಡುತ್ತಾರೆ.

ಆದರೂ ಇಂದೇ ಓಡಿಹೋಗಿ ಎನ್ನಲಾರೆ. ತೊಡೆಯ ನಾಳ ಹೆಜ್ಜೆಹೆಜ್ಜೆಗೂ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ತೆರೆದದ್ದು ಮತ್ತೆ ಕಿರಿದಾಗುವುದುಂಟು. ನಡೆಯುವಾಗ ಮಾತ್ರ ನೋವಿದ್ದರೆ ಮೊದಲ ಮದ್ದು ನಡಿಗೆಯೇ: ನೋವು ಜೋರಾಗುವವರೆಗೆ ನಡೆದು, ನಿಂತು, ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ 3 ದಿನ, 3 ತಿಂಗಳು. ಎದೆನೋವಿನ ಇತಿಹಾಸವಿದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ. ತೋಟದ ಕೆಲಸದ ಓಡಾಟ ಇದಕ್ಕೆ ಸಮವಲ್ಲ. ಜೊತೆಗೆ ವೈದ್ಯರು ಬರೆದುಕೊಡುವ ರಕ್ತ ಹೆಪ್ಪುಗಟ್ಟದ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ. ಬೀಡಿಯ ಸುದ್ದಿ ನೀವು ಬರೆದಿಲ್ಲ. ಸೇದುತ್ತಿದ್ದರೆ ಅದನ್ನು ಬಿಡದೆ ಬಲೂನು ಹಾಕಿಸುವುದು ದುಡ್ಡು ದಂಡ. ಇಷ್ಟೆಲ್ಲ ಮಾಡಿಯೂ ದಿನದ ಕೆಲಸ ನಿಂತರೆ ಬಲೂನು ಹಾಕಿಸಿ.

ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳಲ್ಲಿ ಮಾಯದ ಹುಣ್ಣಿದ್ದರೆ ಕಾಯಬೇಡಿ. ಕಾಲು ಉಳಿಸುವ ಪ್ರಶ್ನೆ ಅದು. ಗಂಬೂಟು, ಇಂಬಳಗಳ ಈ ಮಳೆಗಾಲದಲ್ಲಿ ಪಾದವನ್ನು ದಿನವೂ ನೋಡಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ. ಬಲೂನು ಎಂದು ನಿಶ್ಚಯವಾದರೆ, ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಕೊಡುವ ದ್ರವವನ್ನು (ಡೈ) ಚುಚ್ಚುವ ಮೊದಲು ಮೂತ್ರಪಿಂಡದ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಿಕೊಳ್ಳಿ.
— ಸಂ.