ಬಿಲ್ಲಿಂಗ್ ನಿಂತ ಆ ಹತ್ತು ನಿಮಿಷದಲ್ಲಿ ಸರ್ವರ್ ಏನು ಬರೆದುಕೊಂಡಿತ್ತು?

ನೀವು ಕೇಳಿರುವುದು ಇಷ್ಟು. ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೀರಿ. ತೂಕ ಮತ್ತು ಬಿಲ್ಲಿಂಗ್ ಎರಡೂ ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಮೇಲೆ ನಡೆಯುತ್ತವೆ. ವಾರಕ್ಕೆ ಎರಡು ಮೂರು ಬಾರಿ ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೆ ಸ್ತಬ್ಧವಾಗುತ್ತವೆ, ಹತ್ತು ನಿಮಿಷ ಕಳೆದ ಮೇಲೆ ತಾವಾಗಿಯೇ ಸರಿಹೋಗುತ್ತವೆ. ಸಾಫ್ಟ್‌ವೇರ್‌ನವರು ಕರೆಂಟಿನ ಮೇಲೆ ಹಾಕುತ್ತಾರೆ, ಯುಪಿಎಸ್‌ನವರು ಸಾಫ್ಟ್‌ವೇರ್ ಮೇಲೆ ಹಾಕುತ್ತಾರೆ. ಈವೆಂಟ್ ಲಾಗ್ ನೋಡಿ ನಿಜ ತಿಳಿಯಬಹುದೇ?

ತಿಳಿಯಬಹುದು, ಅದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ನಾನು ಹಲವು ವರ್ಷಗಳಿಂದ ಗಂಜ್‌ನ ಅಡತ್ ಅಂಗಡಿಗಳ ಮತ್ತು ಮಿಲ್ಲುಗಳ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೇನೆ. ನೀವು ಲೆಕ್ಕದವರಾದ್ದರಿಂದ ಈವೆಂಟ್ ಲಾಗನ್ನು ಸರ್ವರ್‌ನ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ ಎಂದೇ ತಿಳಿಯಿರಿ. ನಡೆದದ್ದೆಲ್ಲ ನಡೆದ ವೇಳೆಗೆ ಸರಿಯಾಗಿ ಒಂದರ ಕೆಳಗೊಂದು ಬಿದ್ದಿರುತ್ತದೆ. ಖತಾವಣಿ, ಅಂದರೆ ಅವನ್ನು ವಿಂಗಡಿಸುವ ಕೆಲಸ ಮಾತ್ರ ನಮ್ಮದು.

ಹಾಗಾಗಿ ಲಾಗ್ ತೆರೆಯುವ ಮೊದಲು ಒಂದು ಕೆಲಸ ಮಾಡಿ. ಬಿಲ್ಲಿಂಗ್ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. ಸಿಸ್ಟಮ್ ನಿಂತ ಗಳಿಗೆ, ಮತ್ತೆ ನಡೆದ ಗಳಿಗೆ, ಎರಡನ್ನೂ ನಿಮಿಷದ ಲೆಕ್ಕದಲ್ಲಿ ಬರೆಯಲು ಹುಡುಗರಿಗೆ ಹೇಳಿ. "ನಿನ್ನೆ ಮಧ್ಯಾಹ್ನ ನಿಂತಿತ್ತು" ಎಂದರೆ ಸಾವಿರ ಸಾಲುಗಳಲ್ಲಿ ಹುಡುಕಬೇಕು. "12.47ಕ್ಕೆ ನಿಂತಿತು" ಎಂದರೆ ಐದಾರು ಸಾಲು ಓದಿದರೆ ಸಾಕು. ಸರ್ವರ್‌ನ ಗಡಿಯಾರ ಸರಿಯಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಈಗ ಕರೆಂಟಿನ ಮಾತು. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ಗೆ ಹೋಗಿ. ವಿದ್ಯುತ್ ಹೋಗಿ ಯಂತ್ರ ಏಕಾಏಕಿ ಆರಿದ್ದರೆ 6008 ಸಂಖ್ಯೆಯ ಈವೆಂಟ್ ಇರುತ್ತದೆ, ಜೊತೆಗೆ ಕರ್ನಲ್ ಪವರ್ ಎಂಬ ಮೂಲದಿಂದ 41. 6008 ಬರೆಯಲ್ಪಡುವುದು ಯಂತ್ರ ಮತ್ತೆ ಹೊತ್ತಿಕೊಂಡ ಮೇಲೆ. ಆದ್ದರಿಂದ ಸಾಲಿನ ವೇಳೆಯನ್ನು ನಂಬಬೇಡಿ, ಅದನ್ನು ತೆರೆದರೆ ಒಳಗಿನ ವಾಕ್ಯದಲ್ಲಿ ನಿಜವಾಗಿ ಆರಿದ ವೇಳೆ ಸಿಗುತ್ತದೆ. ಯಾರಾದರೂ ತಾವೇ ರೀಸ್ಟಾರ್ಟ್ ಮಾಡಿದ್ದರೆ ಈವೆಂಟ್ 1074 ಇರುತ್ತದೆ, ಯಾವ ಬಳಕೆದಾರನ ಹೆಸರಿನಲ್ಲಿ ಎಂಬುದೂ ಅದರಲ್ಲಿರುತ್ತದೆ. ನಿಮ್ಮ ನೋಟ್‌ಬುಕ್ಕಿನ ವೇಳೆಯ ಸುತ್ತಮುತ್ತ ಇವು ಯಾವುವೂ ಇಲ್ಲದಿದ್ದರೆ ಸರ್ವರ್ ಆರಿಯೇ ಇಲ್ಲ ಎಂದರ್ಥ. ಕಂಪ್ಯೂಟರ್‌ಗಳನ್ನು ಸರ್ವರ್‌ಗೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚು ಯುಪಿಎಸ್‌ನಲ್ಲಿ ಇದೆಯೇ ಎಂದೊಮ್ಮೆ ನೋಡಿ. ಅದೂ ಇದ್ದರೆ ಕರೆಂಟಿನ ವಾದ ಅಲ್ಲಿಗೆ ಮುಗಿಯಿತು.

ಎರಡನೆಯ ಕಿರ್ದಿ ಎಸ್‌ಕ್ಯೂಎಲ್ ಸರ್ವರ್‌ನದೇ. ಅದರ ಲಾಗ್ ಫೋಲ್ಡರ್‌ನಲ್ಲಿರುವ ಎರರ್‌ಲಾಗ್ ಎಂಬ ಕಡತವನ್ನು ನೋಟ್‌ಪ್ಯಾಡ್‌ನಲ್ಲೇ ಓದಬಹುದು. ಸರ್ವಿಸ್ ಪ್ರತಿ ಬಾರಿ ಶುರುವಾದಾಗಲೂ ಹೊಸ ಕಡತ ತೆರೆಯುತ್ತದೆ. ಯಾರೂ ಬದಲಿಸದಿದ್ದರೆ ಹಳೆಯವು ಆರೇ ಉಳಿಯುತ್ತವೆ. ಗಾಬರಿಯಲ್ಲಿ ಒಂದೇ ದಿನ ಏಳು ಬಾರಿ ರೀಸ್ಟಾರ್ಟ್ ಮಾಡಿದರೆ ಸಮಸ್ಯೆ ಶುರುವಾದ ದಿನದ ಬರಹವೇ ಅಳಿಸಿಹೋಗುತ್ತದೆ. ನನ್ನನ್ನು ಕರೆಯುವವರಲ್ಲಿ ಅರ್ಧದಷ್ಟು ಜನ ಇದನ್ನು ಮಾಡಿ ಮುಗಿಸಿಯೇ ಕರೆಯುತ್ತಾರೆ, ಆಗ ನನ್ನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ ನಿರ್ವಹಿಸುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಈ ಆರನ್ನು 99ರವರೆಗೆ ಏರಿಸಬಹುದು, ಇವತ್ತೇ ಮೂವತ್ತಕ್ಕೆ ಏರಿಸಿ. ವಿಂಡೋಸ್‌ನ ಅಪ್ಲಿಕೇಶನ್ ಲಾಗ್‌ಗೂ ಸಾಮಾನ್ಯವಾಗಿ 20 ಎಂಬಿಯಷ್ಟೇ ಜಾಗ ಇರುತ್ತದೆ, ಅದನ್ನೂ ಹೆಚ್ಚಿಸಿ.

ನಿಮ್ಮ ವಿವರಣೆ ಓದಿದರೆ ನನಗೆ ಅನುಮಾನ ಬರುವುದು ಬ್ಲಾಕಿಂಗ್ ಮೇಲೆ. ಒಬ್ಬರು ಒಂದು ದಾಖಲೆಗೆ ಬೀಗ ಹಾಕಿ ಕುಳಿತಿರುತ್ತಾರೆ, ಉಳಿದವರೆಲ್ಲ ಆ ಬೀಗ ತೆರೆಯಲಿ ಎಂದು ಕಾಯುತ್ತಿರುತ್ತಾರೆ. ಹುಮನಾಬಾದ್ ರಸ್ತೆಯ ಕಡೆಯ ಒಂದು ಮಿಲ್ಲಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಗುಮಾಸ್ತರು ಹಳೆಯ ಬಿಲ್ಲೊಂದನ್ನು ತಿದ್ದಲು ತೆರೆದರು, ಚೀಲದ ಸಂಖ್ಯೆ ಬದಲಿಸಿದರು, ಉಳಿಸುವ ಮೊದಲೇ ಹಮಾಲರು ಕರೆದರೆಂದು ಎದ್ದು ಹೋದರು. ಆ ಸಾಫ್ಟ್‌ವೇರ್ ಬರೆದವರು ಸಂಖ್ಯೆ ಬದಲಾದ ಕೂಡಲೇ ಟ್ರಾನ್ಸಾಕ್ಷನ್ (ಮುಗಿಯುವವರೆಗೂ ಬೀಗ ಹಿಡಿದಿರುವ ವ್ಯವಹಾರ) ಶುರುಮಾಡಿ, ಉಳಿಸುವ ಗುಂಡಿ ಒತ್ತುವವರೆಗೂ ಅದನ್ನು ತೆರೆದೇ ಇಟ್ಟಿದ್ದರು. ಹೊರಗೆ ತೂಕದ ಸೇತುವೆಯ ಮೇಲೆ ತೊಗರಿ ತುಂಬಿದ ಲಾರಿ ನಿಂತಿತ್ತು, ಒಳಗೆ ತೂಕದ ಕಂಪ್ಯೂಟರ್ ದಾಸ್ತಾನಿನ ಅದೇ ಸಾಲಿಗಾಗಿ ಕಾಯುತ್ತಿತ್ತು. ಗುಮಾಸ್ತರು ಮರಳಿ ಬಂದು ಗುಂಡಿ ಒತ್ತಿದರು, ಎಲ್ಲವೂ ಒಮ್ಮೆಲೇ ನಡೆಯಿತು.

ತೊಡಕೆಂದರೆ, ಇಂತಹ ಕಾಯುವಿಕೆಯನ್ನು ಸರ್ವರ್ ತಾನಾಗಿ ಈ ಎರಡು ಕಿರ್ದಿಗಳಲ್ಲಿ ಬರೆಯುವುದಿಲ್ಲ. ಅದರ ಪಾಲಿಗೆ ಅದು ದೋಷವೇ ಅಲ್ಲ. ಬರೆ ಎಂದು ನಾವೇ ಹೇಳಬೇಕು. ಸರ್ವರ್‌ನ ಸಂರಚನೆಯಲ್ಲಿ ಬ್ಲಾಕ್ಡ್ ಪ್ರೊಸೆಸ್ ಥ್ರೆಶೋಲ್ಡ್ ಎಂಬುದೊಂದಿದೆ, ಎಷ್ಟು ಸೆಕೆಂಡು ಕಾದರೆ ವರದಿ ಮಾಡಬೇಕು ಎಂಬ ಮಿತಿ ಅದು, ಮೊದಲಿಗೆ ಸೊನ್ನೆಯಲ್ಲಿರುತ್ತದೆ, ಅಂದರೆ ವರದಿಯೇ ಇಲ್ಲ. ಅದನ್ನು 20 ಸೆಕೆಂಡಿಗೆ ಇಡಿ, ರೀಸ್ಟಾರ್ಟ್ ಬೇಕಿಲ್ಲ. ನಂತರ ಸರ್ವರ್‌ನೊಳಗಿನ ಘಟನೆಗಳನ್ನು ದಾಖಲಿಸುವ ಎಕ್ಸ್‌ಟೆಂಡೆಡ್ ಈವೆಂಟ್ಸ್‌ನಲ್ಲಿ ಹೊಸ ಸೆಷನ್ ಮಾಡಿ, ಬ್ಲಾಕ್ಡ್ ಪ್ರೊಸೆಸ್ ರಿಪೋರ್ಟ್ ಎಂಬ ಒಂದೇ ಈವೆಂಟನ್ನು ಆರಿಸಿ ಕಡತಕ್ಕೆ ಬರೆಯಿಸಿ. ಸರ್ವರ್ ಶುರುವಾದಾಗ ಸೆಷನ್ ಕೂಡ ಶುರುವಾಗಲಿ ಎಂಬ ಗುರುತು ಹಾಕಲು ಮರೆಯಬೇಡಿ. ಮುಂದಿನ ಸಲ ಸಿಸ್ಟಮ್ ನಿಂತಾಗ ಯಾವ ಕಂಪ್ಯೂಟರ್ ತಡೆಯಿತು, ಯಾವುದು ಕಾಯಿತು, ತಡೆದವರ ಕೊನೆಯ ಆಜ್ಞೆ ಏನು, ಎಲ್ಲವೂ ಸಿಗುತ್ತದೆ. ಇಬ್ಬರು ಪರಸ್ಪರ ಒಬ್ಬರನ್ನೊಬ್ಬರು ಕಾಯುವ ಡೆಡ್‌ಲಾಕ್ ಬೇರೆ. ಅದರಲ್ಲಿ ಒಬ್ಬರಿಗೆ 1205 ದೋಷ ಬಂದು ಕೆಲಸ ರದ್ದಾಗುತ್ತದೆ. ಅದರ ವಿವರವನ್ನು ಸಿಸ್ಟಮ್ ಹೆಲ್ತ್ ಎಂಬ ಸೆಷನ್ 2008ರ ಆವೃತ್ತಿಯಿಂದ ತಾನಾಗಿಯೇ ಹಿಡಿದಿಡುತ್ತಿದೆ. ಯಾರಾದರೂ ಸರ್ವರ್‌ಗೆ ಬರುವ ಆಜ್ಞೆಗಳನ್ನು ಹಿಂಬಾಲಿಸುವ ಪ್ರೊಫೈಲರ್ ಹಚ್ಚಿ ಇಡೀ ದಿನ ಬಿಡಿ ಎಂದು ಸಲಹೆ ಕೊಟ್ಟರೆ ಕೇಳಬೇಡಿ. ಸಣ್ಣ ಯಂತ್ರಕ್ಕೆ ಅದೇ ದೊಡ್ಡ ಹೊರೆ.

ಲಾಗ್ ತೆರೆದಾಗ ಕಣ್ಣು ಮೊದಲು ಕೆಂಪು ಗುರುತಿನ ಕಡೆಗೇ ಹೋಗುತ್ತದೆ. ನನ್ನ ಅನುಭವದಲ್ಲಿ ಅದಕ್ಕಿಂತ ಮೆತ್ತಗಿನ ಸಾಲುಗಳನ್ನು ನೋಡಬೇಕು. ಎಸ್‌ಕ್ಯೂಎಲ್ ಸರ್ವರ್‌ನ ಎರರ್‌ಲಾಗ್‌ನಲ್ಲಿ ಬರುವ 825 ಎಂಬ ಸಂದೇಶವೊಂದಿದೆ. ಡಿಸ್ಕಿನಿಂದ ಓದುವುದು ಮೊದಲ ಯತ್ನದಲ್ಲಿ ಸೋತಿತು, ಮತ್ತೆ ಯತ್ನಿಸಿದಾಗ ಗೆದ್ದಿತು ಎಂದು ಅದು ಹೇಳುತ್ತದೆ. ತೀವ್ರತೆ 10, ಅಂದರೆ ಬರೀ ಮಾಹಿತಿ. ಒಂದು ಜನವರಿಯಲ್ಲಿ, ತೊಗರಿಯ ಆವಕ ಜೋರಾಗಿದ್ದಾಗ, ಒಬ್ಬ ಗ್ರಾಹಕರ ಲಾಗ್‌ನಲ್ಲಿ ನಾನು ಆ ಸಾಲನ್ನು ಕಂಡೂ ಮುಂದೆ ಹೋದೆ. ಎರಡು ವಾರ ತುಂಬುವ ಮೊದಲೇ 824 ಬಂತು. ಡಿಸ್ಕಿನಿಂದ ಓದಿದ ಡೇಟಾಬೇಸ್ ಪುಟವೇ ಕೆಟ್ಟಿತ್ತು. ಬ್ಯಾಕಪ್ ಅದೇ ಡಿಸ್ಕಿನಲ್ಲಿತ್ತು. ಪೆನ್‌ಡ್ರೈವ್‌ನಲ್ಲಿ ಸಿಕ್ಕಿದ್ದು ಇಪ್ಪತ್ತು ದಿನ ಹಿಂದಿನದು. ಆ ಇಪ್ಪತ್ತು ದಿನದ ಲೆಕ್ಕವನ್ನು ತಂತಿಗೆ ಚುಚ್ಚಿಟ್ಟಿದ್ದ ತೂಕದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಮೂವರು ಹುಡುಗರು ಮೂರು ರಾತ್ರಿ ಕುಳಿತು ಮತ್ತೆ ತುಂಬಿಸಿದರು. ನಾನೂ ಜೊತೆಗೆ ಕುಳಿತಿದ್ದೆ. ಅಂದಿನಿಂದ 825 ಒಂದೇ ಒಂದು ಕಂಡರೂ ಅದೇ ದಿನ ಡಿಸ್ಕ್ ಬದಲಿಸುತ್ತೇನೆ. 833 ಕೂಡ ಇದೇ ಜಾತಿಯದು. ಡಿಸ್ಕಿನ ಉತ್ತರಕ್ಕೆ 15 ಸೆಕೆಂಡಿಗಿಂತ ಹೆಚ್ಚು ಕಾಯಬೇಕಾಯಿತು ಎಂದು ಅದು ಹೇಳುತ್ತದೆ. ನಮ್ಮ ಊರಿನ ಮೇ ತಿಂಗಳಲ್ಲಿ, ಹೊರಗೆ 42 ಡಿಗ್ರಿ ಇರುವಾಗ, ಬೇಳೆಯ ಧೂಳು ತುಂಬಿದ ಕಿರುಕೋಣೆಯಲ್ಲಿ ಸರ್ವರ್ ಇಟ್ಟಿದ್ದರೆ ಅದನ್ನು ವಿಶೇಷವಾಗಿ ಹುಡುಕಿ. ನಿಮ್ಮ ಹತ್ತು ನಿಮಿಷಕ್ಕೂ ಅದೇ ಕಾರಣವಾಗಿರಬಹುದು.

18456 ಎಂದರೆ ಲಾಗಿನ್ ವಿಫಲ. ದಿನಕ್ಕೆ ಒಂದೆರಡು ಇದ್ದರೆ ಯಾರೋ ಪಾಸ್‌ವರ್ಡ್ ತಪ್ಪು ಒತ್ತಿದ್ದಾರೆ. ನಿಮಿಷಕ್ಕೆ ಹತ್ತಾರು ಇದ್ದು, ಸಾಲಿನ ಕೊನೆಯಲ್ಲಿರುವ ಕ್ಲೈಂಟ್ ವಿಳಾಸ ನಿಮ್ಮ ಕಚೇರಿಯದಲ್ಲದಿದ್ದರೆ, ಮಾಲೀಕರು ಮನೆಯಿಂದ ದಾಸ್ತಾನು ನೋಡಲೆಂದು ರೌಟರ್‌ನಲ್ಲಿ 1433 ಪೋರ್ಟನ್ನು, ಅಂದರೆ ಎಸ್‌ಕ್ಯೂಎಲ್ ಸರ್ವರ್‌ನ ಬಾಗಿಲನ್ನು, ಯಾರೋ ತೆರೆದಿರಬೇಕು. ಮೊದಲು ಅದನ್ನು ಮುಚ್ಚಿ. ಆ ಸಾಲುಗಳ ಪ್ರವಾಹದಲ್ಲಿ ಬೇಕಾದ ಸಾಲುಗಳೂ ಕೊಚ್ಚಿಹೋಗುತ್ತವೆ.

ಬ್ಯಾಕಪ್ ವಿಷಯದಲ್ಲಿ ಮಾತ್ರ ಉಲ್ಟಾ ಓದಬೇಕು. ಸೋತರೆ 3041 ಬರುತ್ತದೆ ನಿಜ. ಆದರೆ ಎಕ್ಸ್‌ಪ್ರೆಸ್‌ನಲ್ಲಿ ನಿಗದಿತ ವೇಳೆಗೆ ಕೆಲಸ ನಡೆಸುವ ಏಜೆಂಟ್ ಇಲ್ಲದ ಕಾರಣ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಿಂದಲೇ ಬ್ಯಾಕಪ್ ನಡೆಸುತ್ತೇವೆ, ಆ ಟಾಸ್ಕ್ ಶುರುವೇ ಆಗದಿದ್ದರೆ ಸೋಲಿನ ಸಾಲೂ ಬರುವುದಿಲ್ಲ. ಆದ್ದರಿಂದ ಪ್ರತಿ ಬೆಳಿಗ್ಗೆ ಗೆಲುವಿನ ಸಾಲಾದ 18264 ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಚಹಾ ಕುಡಿಯುವ ಮೊದಲು ಬ್ಯಾಕಪ್ ತೆಗೆಯಿರಿ, ಬೇರೆ ಡಿಸ್ಕಿಗೆ.

ಥ್ರೆಶೋಲ್ಡ್ ಮತ್ತು ಸೆಷನ್ ಕೆಲಸವನ್ನು ಸಂಜೆ ತೂಕ ನಿಂತ ಮೇಲೆ ಮಾಡಿಕೊಳ್ಳಿ, ಅರ್ಧ ಗಂಟೆ ಸಾಕು. ಒಂದು ವಾರದ ನೋಟ್‌ಬುಕ್ಕಿನ ವೇಳೆಗಳನ್ನೂ ಅದೇ ವೇಳೆಯ ಬ್ಲಾಕಿಂಗ್ ವರದಿಯನ್ನೂ ಇದೇ ಪ್ರಶ್ನೆಯ ಕೆಳಗೆ ಹಾಕಿ. ಗ್ರಾಹಕರ ಹೆಸರು ಮತ್ತು ಮೊತ್ತಗಳನ್ನು ಅಳಿಸಿಬಿಡಿ. ಬೀಗ ಹಾಕಿದ ಆಜ್ಞೆ ಯಾವ ಪರದೆಯಿಂದ ಬಂದಿದೆ ಎಂದು ನಾನು ಓದಿ ಹೇಳುತ್ತೇನೆ, ಆ ಕಾಗದವನ್ನೇ ಸಾಫ್ಟ್‌ವೇರ್‌ನವರ ಮುಂದೆ ಇಡಬಹುದು.