ಆರನೇ ಪುಟದ ಹುಡುಗನನ್ನು ಮೊದಲ ಪುಟಕ್ಕೆ ತನ್ನಿ

ಜಮಖಂಡಿಯ ಗೆಳೆಯರೆ,

ನಿಮ್ಮ ‘ಮಿಶ್ರ ಸಮರ ಕಲೆ: ನಾಳಿನ ಕ್ರೀಡಾ ಸಾಮ್ರಾಟ’ ಲೇಖನ ನಮ್ಮ ಪತ್ರಿಕೆಗೆ ಬಂದು ಮೂರು ವಾರ ಆಯಿತು. ಎಂಟು ಪುಟ. ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೂ ವಾಪಸ್ ಕಳಿಸಿ ಸುಮ್ನಿರಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ಆರನೇ ಪುಟ. ಅಲ್ಲಿಗೆ ಆಮೇಲೆ ಬರುತ್ತೇನೆ. ಆಟಗಳ ಬಗ್ಗೆ ಬರೆದು ಕಳಿಸುವ ಹುಡುಗರು ಬೆಳಗಾವಿ, ವಿಜಯಪುರದ ಕಡೆಯೂ ಇದ್ದಾರೆ. ಅವರೂ ಓದಲಿ ಎಂದು ನಿಮ್ಮ ಹೆಸರು ಬಿಟ್ಟು ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ನೀವು ಹೇಳುವುದು ಇಷ್ಟು. ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿಯ ಹಿಡಿತ ಎಲ್ಲವೂ ನಡೆಯುವ ಈ ಮಿಶ್ರ ಸಮರ ಕಲೆ, ಎಲ್ಲ ಆಟಗಳನ್ನೂ ಹಿಂದೆ ಹಾಕುತ್ತಿದೆ. ಬಾಕ್ಸಿಂಗ್ ಮುಗಿಯಿತು. ಕುಸ್ತಿ ಸತ್ತಿತು. ಇನ್ನು ಹತ್ತು ವರ್ಷಕ್ಕೆ ಕ್ರಿಕೆಟ್ಟಿನದೂ ಅದೇ ಗತಿ.

ಮೊದಲು ಭಾಷೆ. ನಿಮ್ಮ ಹಾಸ್ಟೆಲ್ಲಿನಲ್ಲಿ ಯಾರಾದರೂ ‘ಬಾರಲೇ, ಮಿಶ್ರ ಸಮರ ಕಲೆ ನೋಡೂಣು’ ಅಂತಾರೇನು? ಎಂಎಂಎ ಅಂತಾರೆ, ಆ ಕಾಳಗ ನಡೆಸುವ ಕಂಪನಿಯ ಹೆಸರು ಹಿಡಿದು ಯುಎಫ್‌ಸಿ ಅಂತಾರೆ. ಹಾಗೇ ಬರೆಯಿರಿ. ಕಾಳಗ ನಡೆಯುವ, ಬಲೆ ಸುತ್ತಿದ ಕೇಜ್ ಅನ್ನುವುದನ್ನು ನೀವು ‘ಲೋಹಪಂಜರ’ ಮಾಡಿದ್ದೀರಿ. ಓದಿದಾಗ ನನಗೆ ಗಿಳಿ ಕಂಡಿತು. ‘ಎಂದರೆ ಅತಿಶಯೋಕ್ತಿಯಾಗಲಾರದು’ ಅಂತ ಮೂರು ಕಡೆ ಬರೆದಿದ್ದೀರಿ. ಮೂರೂ ಕಡೆ ಅದು ಅತಿಶಯೋಕ್ತಿಯೇ.

ಇನ್ನು ಲೆಕ್ಕ. ಇಲ್ಲಿ ಸ್ವಲ್ಪ ಹೊತ್ತು ಕೂಡಬೇಕು, ಯಾಕಂದ್ರೆ ಲೇಖನ ಜಾರಿ ಬಿದ್ದದ್ದು ಇಲ್ಲೇ. 2018ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್ಸಿನಲ್ಲಿ ನಡೆದ ಯುಎಫ್‌ಸಿಯ ಖಬೀಬ್–ಮೆಕ್‌ಗ್ರೆಗರ್ ಕಾಳಗವನ್ನು ‘24 ಲಕ್ಷ ಜನ ನೋಡಿದರು’ ಎಂದು ಬರೆದಿದ್ದೀರಿ. ಅದು ಜನರ ಲೆಕ್ಕವಲ್ಲ. ಆ ಒಂದು ರಾತ್ರಿಗೆ ಬೇರೆಯಾಗಿ ದುಡ್ಡು ಕಟ್ಟಿ ನೋಡಿದ ಖರೀದಿಗಳ ಲೆಕ್ಕ. ಒಂದು ಖರೀದಿಗೆ ಮನೆಯಲ್ಲಿ ಹತ್ತು ಜನ ಕೂತಿರಬಹುದು, ಒಬ್ಬನೇ ಕೂತಿರಬಹುದು. ಅದರ ಪಕ್ಕದಲ್ಲೇ ನೀವು ಐಪಿಎಲ್ ಟಿವಿ ನೋಡುಗರ ಸಂಖ್ಯೆ ಇಟ್ಟಿದ್ದೀರಿ. ಒಂದು ಸೇರಿನ ಲೆಕ್ಕ, ಇನ್ನೊಂದು ಮೊಳದ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಏನು ತೂಗುತ್ತದೆ?

ಅದೇ ಖರೀದಿಯ ಲೆಕ್ಕದಲ್ಲಿ ಬಾಕ್ಸಿಂಗನ್ನು ನೋಡಿ. 2015ರ ಮೇವೆದರ್–ಪಕಿಯಾವೊ ಪಂದ್ಯ ಹತ್ತಿರಹತ್ತಿರ 46 ಲಕ್ಷ ಖರೀದಿ ಕಂಡಿತು. ಖಬೀಬನ ರಾತ್ರಿಗಿಂತ ದುಪ್ಪಟ್ಟಿಗೆ ಸ್ವಲ್ಪ ಕಡಿಮೆ. ನಿಮಗೆ ಇದು ಗೊತ್ತಿಲ್ಲ ಅಂತ ನನಗೆ ಅನಿಸುವುದಿಲ್ಲ. ವಾದಕ್ಕೆ ಅಡ್ಡ ಬಂತು ಅಂತ ಬಿಟ್ಟಿರಿ, ಅಲ್ವಾ?

ತಮಾಷೆ ಅಂದರೆ ನಿಮ್ಮ ಪರವಾಗಿ ನಿಲ್ಲುವ ಒಂದು ಲೆಕ್ಕ ಇತ್ತು. ಅದನ್ನೂ ಬಿಟ್ಟಿದ್ದೀರಿ. 2025ರ ಆಗಸ್ಟ್‌ನಲ್ಲಿ ಅಮೆರಿಕದ ಪ್ಯಾರಾಮೌಂಟ್ ಕಂಪನಿ, ಆ ದೇಶದಲ್ಲಿ ಯುಎಫ್‌ಸಿ ತೋರಿಸುವ ಹಕ್ಕಿಗೆ 7 ವರ್ಷಕ್ಕೆ 770 ಕೋಟಿ ಡಾಲರ್ ಕೊಡಲು ಒಪ್ಪಿತು. ವರ್ಷಕ್ಕೆ 110 ಕೋಟಿ ಡಾಲರ್. ಆಗಿನ ದರದಲ್ಲಿ ಒಂಬತ್ತೂವರೆ ಸಾವಿರ ಕೋಟಿ ರೂಪಾಯಿಯ ಆಸುಪಾಸು. ನಮ್ಮ ಐಪಿಎಲ್ಲಿನ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿಗೆ ಹೋಗಿತ್ತು. ಐದರಿಂದ ಭಾಗಿಸಿ. ಬಹುತೇಕ ಅಷ್ಟೇ! ಹಾಗಂತ ಎರಡಕ್ಕೂ ಅಷ್ಟಷ್ಟೇ ನೋಡುಗರಿದ್ದಾರಾ? ಇಲ್ಲ. ಅಮೆರಿಕದ ಒಂದು ಮನೆ ಕೊಡುವ ಚಂದಾ ಬೇರೆ, ಬನಹಟ್ಟಿಯ ನೇಕಾರರ ಮನೆ ಮೊಬೈಲ್ ರೀಚಾರ್ಜಿನ ಜೊತೆ ಕೊಡುವ ದುಡ್ಡು ಬೇರೆ. ಐಪಿಎಲ್ ಎರಡು ತಿಂಗಳು, ಯುಎಫ್‌ಸಿ ವರ್ಷವಿಡೀ. ಕಡಿಮೆ ಜನರಿಂದ ಜಾಸ್ತಿ ದುಡ್ಡು ಎತ್ತುವ ಆಟ ಅದು. ಇದನ್ನು ಬಿಡಿಸಿ ಬರೆದಿದ್ದರೆ ನಾನೇ ನಿಮಗೆ ಫೋನ್ ಮಾಡುತ್ತಿದ್ದೆ.

ತಪ್ಪುಗಳೂ ಇವೆ. ಮೊದಲ ಯುಎಫ್‌ಸಿ ನಡೆದದ್ದು ಲಾಸ್ ವೇಗಸ್ಸಿನಲ್ಲಿ ಅಲ್ಲ, ಡೆನ್ವರ್‌ನಲ್ಲಿ, 1993ರ ನವೆಂಬರ್ 12ರಂದು. ‘ಯಾವ ನಿಯಮವೂ ಇರಲಿಲ್ಲ’ ಎಂಬುದು ಪೋಸ್ಟರಿನ ಮಾತು. ಕಚ್ಚುವಂತಿರಲಿಲ್ಲ, ಕಣ್ಣಿಗೆ ಬೆರಳು ಹಾಕುವಂತಿರಲಿಲ್ಲ. ಭಾರತದವರು ಯಾರೂ ಯುಎಫ್‌ಸಿಯಲ್ಲಿ ಗೆದ್ದಿಲ್ಲ ಎಂದಿದ್ದೀರಿ. 2024ರ ಜೂನ್‌ನಲ್ಲಿ ಪೂಜಾ ತೋಮರ್ ಗೆದ್ದರು. ಉತ್ತರ ಪ್ರದೇಶದ ಹೆಣ್ಣುಮಗಳು, ವುಶು ಆಡಿ ಬಂದವರು.

ಆ ಮೊದಲ ಡೆನ್ವರ್ ರಾತ್ರಿಯನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ಅಂಕ ಕೊಡುವ ತೀರ್ಪುಗಾರರು ಇರಲಿಲ್ಲ, ತೂಕದ ವರ್ಗ ಇರಲಿಲ್ಲ. ಎದುರಾಳಿ ಸೋತೆ ಎನ್ನಬೇಕು, ಇಲ್ಲವೇ ಬೀಳಬೇಕು, ಇಲ್ಲವೇ ಅವನ ಕಡೆಯವರು ಟವೆಲ್ ಒಗೆಯಬೇಕು. ಜಮಖಂಡಿಯವರಿಗೆ ಇದನ್ನು ಓದಿದರೆ ಏನು ನೆನಪಾಗಬೇಕು? ನಿಕಾಲಿ ಕುಸ್ತಿ! ತೀರ್ಮಾನ ಆಗುವವರೆಗೆ ಬಿಡುವಂತಿಲ್ಲ. ಎಲ್ಲರಿಗಿಂತ ತೆಳ್ಳಗಿದ್ದವರ ಸಾಲಿಗೆ ಸೇರಿದ್ದ ರಾಯ್ಸ್ ಗ್ರೇಸಿ ಆ ರಾತ್ರಿ ಮೂವರನ್ನು ಹಿಡಿತದಿಂದಲೇ ಸೋಲಿಸಿದ, ಗುದ್ದಿನಿಂದ ಅಲ್ಲ. ಆಮೇಲೆ ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಕಾಳಗ ಎಂದು ಕರೆದರು. ಒಂದೊಂದೇ ರಾಜ್ಯ ನಿಷೇಧ ಹಾಕಿತು. ಉಳಿಯಬೇಕಾದರೆ ಕೈಗವಸು, ಸುತ್ತು, ತೂಕ, ಅಂಕ ಎಲ್ಲಾ ಬೇಕಾಯಿತು. ನ್ಯೂಯಾರ್ಕ್ ರಾಜ್ಯ ಒಪ್ಪಿದ್ದು 2016ರಲ್ಲಿ. ಈ ಆಟ ಬೆಳೆದದ್ದು ರಕ್ತ ಜಾಸ್ತಿ ಮಾಡಿ ಅಲ್ಲ, ಕಡಿಮೆ ಮಾಡಿ. ನಿಮ್ಮ ಲೇಖನದಲ್ಲಿ ಇದು ತಿರುಗುಮುರುಗಾಗಿದೆ.

ಕುಸ್ತಿ ಸತ್ತಿತು ಅಂದಿರಲ್ಲ, ಅದಕ್ಕೆ ನನಗೆ ಸಿಟ್ಟೇ ಬಂತು. ಬೆಳಗಾವಿಯ ಆನಂದವಾಡಿ ಅಖಾಡಕ್ಕೆ ಕುಸ್ತಿಯ ದಿನ ಹೋಗಿದ್ದೀರಾ? ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ? ಜಾತ್ರೆ ಕುಸ್ತಿಯಲ್ಲಿ ಗೆದ್ದವನಿಗೆ ತೆಂಗಿನಕಾಯಿ ಕೊಡುವ ಸಣ್ಣ ಹುಡುಗರ ಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಜೋಡಿ ಬರುವ ಹೊತ್ತಿಗೆ ಮರದ ಮೇಲೂ ಜಾಗ ಇರುವುದಿಲ್ಲ. ಅಲ್ಲಿ ಟಿಕೆಟ್ ಹರಿಯುವವರಿಲ್ಲ, ಪ್ರಸಾರ ಹಕ್ಕು ಕೊಳ್ಳುವವರಿಲ್ಲ. ಹಾಗಾಗಿ ಯಾವ ಪಟ್ಟಿಯಲ್ಲೂ ಆ ಜನ ಬರುವುದಿಲ್ಲ. ಮುಧೋಳ ಕಡೆ ಎತ್ತುಗಳು ಭಾರದ ಬಂಡಿ ಎಳೆಯುವ ತೆರಬಂಡಿ ಸ್ಪರ್ಧೆಗೆ ಸೇರುವ ಜನರದೂ ಇದೇ ಕಥೆ. ನಾನು ಎಂಟು ವರ್ಷದವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಒಂದು ಕುಸ್ತಿ ಹೊತ್ತು ಮುಳುಗುವವರೆಗೂ ತೀರ್ಮಾನವಾಗಲಿಲ್ಲ. ಕೊನೆಗೆ ಹಿರಿಯರು ಬರೋಬರಿ, ಅಂದರೆ ಇಬ್ಬರೂ ಸಮ, ಅಂತ ಬಿಡಿಸಿದರು. ಜನ ಇನಾಮಿನ ದುಡ್ಡನ್ನು ಇಬ್ಬರಿಗೂ ಕೊಡಿ ಎಂದು ಕೂಗಿದರು. ಅಪ್ಪನ ಹೆಗಲು ಎರಡು ದಿನ ನೋಯುತ್ತಿತ್ತಂತೆ.

ಆದರೆ ನಾನೂ ಪ್ರಾಮಾಣಿಕವಾಗಿರಬೇಕು. ತಾಲೀಮಿಗೆ ಬರುವ ಹುಡುಗರು ಮೊದಲಿನಷ್ಟಿಲ್ಲ. ಪೈಲ್ವಾನರ ಊಟದ, ಅಂದರೆ ಖುರಾಕಿನ ಖರ್ಚು ರೈತರ ಮನೆಗೆ ನಿಲುಕುವುದಿಲ್ಲ. ನೀವು ಕುಸ್ತಿಯ ಕಷ್ಟ ಬರೆದಿದ್ದರೆ ನಾನು ತಲೆಯಾಡಿಸುತ್ತಿದ್ದೆ. ಸಾವು ಬರೆದಿರಿ.

ಈಗ ಆರನೇ ಪುಟ. ರವಿವಾರ ಬೆಳಿಗ್ಗೆ. ಲಾಸ್ ವೇಗಸ್ಸಿನ ಶನಿವಾರ ರಾತ್ರಿ ನಿಮ್ಮ ಹಾಸ್ಟೆಲ್ಲಿಗೆ ಬರುವುದು ಉಪ್ಪಿಟ್ಟಿನ ಹೊತ್ತಿಗೆ. ಒಂದು ಫೋನಿನ ಸುತ್ತ ಎಂಟು ಜನ, ತಟ್ಟೆ ತೊಡೆಯ ಮೇಲೆ. ಅವರಲ್ಲಿ ಒಬ್ಬ ಊರಲ್ಲಿ ತಾಲೀಮು ಮಾಡಿ ಬಂದವನು. ಕಾಳಗದ ಇಬ್ಬರೂ ನೆಲಕ್ಕೆ ಬಿದ್ದ ಕೂಡಲೇ ಉಳಿದ ಏಳು ಮಂದಿ ‘ಬೋರ್’ ಅಂತ ಉಪ್ಪಿಟ್ಟಿಗೆ ಕೈ ಹಾಕುತ್ತಾರೆ. ಇವನೊಬ್ಬ ಮಾತ್ರ ಮುಂದೆ ಬಾಗುತ್ತಾನೆ. ಕಾಮೆಂಟರಿ ಹೇಳುವ ಮುಂಚೆಯೇ ‘ಕೈ ಸಿಕ್ತು, ಮುಗೀತು’ ಅನ್ನುತ್ತಾನೆ. ಮುಗಿಯುತ್ತದೆ.

ಇದನ್ನು ನೀವು ಆರು ಸಾಲಿನಲ್ಲಿ ಬರೆದು ಮತ್ತೆ ‘ಜಾಗತಿಕ ಮಾರುಕಟ್ಟೆ’ಗೆ ಓಡಿದ್ದೀರಿ. ಓಡಬೇಡಿ. ಒಂದೇ ಆಟವನ್ನು ಏಳು ಜನ ಗುದ್ದಿಗಾಗಿ ನೋಡುತ್ತಾರೆ, ಒಬ್ಬ ಹಿಡಿತಕ್ಕಾಗಿ ನೋಡುತ್ತಾನೆ. ಯಾವುದು ಜನಪ್ರಿಯ, ಯಾಕೆ ಜನಪ್ರಿಯ ಎಂಬ ನಿಮ್ಮ ಪ್ರಶ್ನೆ ಇರುವುದು ಆ ಕೋಣೆಯಲ್ಲೇ. ಕೊನೆಯ ಪುಟದ ‘ಯುವಜನತೆ ಹಾದಿ ತಪ್ಪುತ್ತಿದೆ’ ಅನ್ನುವ ಪ್ಯಾರಾ ತೆಗೆದುಬಿಡಿ. ಏಳು ಪುಟ ಹೊಗಳಿ ಎಂಟನೆಯದರಲ್ಲಿ ಬೈದರೆ ಓದುವವರು ಯಾವುದನ್ನು ನಂಬಬೇಕು?

ಒಂದೂವರೆ ಸಾವಿರ ಪದ ಸಾಕು. ಲೆಕ್ಕದಲ್ಲಿ ಹೋಲಿಕೆಯಾಗುವ ಎರಡೇ ಅಂಕಿ ಇಟ್ಟುಕೊಳ್ಳಿ. ಬರುವ ರವಿವಾರ ಮತ್ತೆ ಅವರ ಜೊತೆ ಕೂತು ನೋಡಿ, ಫೋನನ್ನಲ್ಲ, ಅವರನ್ನು. ಮತ್ತೆ ಆ ಹುಡುಗನನ್ನು ಒಂದು ಮಾತು ಕೇಳಿ. ನೀವು ‘ಟೇಕ್‌ಡೌನ್’ ಎಂದು ಹನ್ನೊಂದು ಸಲ ಬರೆದಿದ್ದೀರಲ್ಲ, ಕಾಲು ಹಿಡಿದು ಎತ್ತಿ ಕೆಡವುವ ಆ ಡಾವಿಗೆ ಅವನ ತಾಲೀಮಿನಲ್ಲಿ ಏನಂತಾರೆ?